ಆ ಉಬ್ಬುಗಣ್ಣಿನ ಕುಳ್ಳ ಯಾರು ಸಾರ್?

ಪ್ರಶ್ನೆ: ಮೊನ್ನೆ 'ಕಾಸಾಬ್ಲಾಂಕಾ' ಅನ್ನುವ ಹಳೆಯ ಹಾಲಿವುಡ್ ಸಿನಿಮಾ ನೋಡಿದೆ. ಶುರುವಿನಲ್ಲಿ ಉಬ್ಬುಗಣ್ಣಿನ ಒಬ್ಬ ಕುಳ್ಳ ಬಂದು, ಸ್ವಲ್ಪ ಹೊತ್ತಿಗೇ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ. ಆಮೇಲೆ ಪತ್ತೆಯೇ ಇಲ್ಲ. ಆದರೂ ಅವನ ಮುಖವೇ ತಲೆಯಲ್ಲಿ ಕೂತಿದೆ. ಯಾರು ಸಾರ್ ಅವನು?

ಉತ್ತರ: ಪೀಟರ್ ಲೋರಿ. ಆ ಪಾತ್ರದ ಹೆಸರು ಉಗಾರ್ಟೆ, ದೇಶ ಬಿಟ್ಟು ಓಡುವವರಿಗೆ ಕಾಗದಪತ್ರ ಮಾರಿ ದುಡ್ಡು ಮಾಡುವವನು. ನಾಯಕ ಹಂಫ್ರಿ ಬೋಗಾರ್ಟ್ ಎದುರು ಕೂತು, ನನ್ನನ್ನ ಕಂಡ್ರೆ ನಿನಗೆ ಅಸಹ್ಯ ಅಲ್ವಾ ಅಂತ ಕೇಳುವ ಜಾಗ ಇದೆಯಲ್ಲ, ಅದನ್ನು ಇನ್ನೊಂದು ಸಲ ನೋಡಿ. ಬೇರೆ ಯಾರೇ ಆಗಿದ್ದರೂ ಅಲ್ಲಿ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದರು. ಲೋರಿ ಮೆಲುದನಿಯಲ್ಲಿ, ಎದುರಿನವನ ಮೆಚ್ಚುಗೆ ಒಂಚೂರಾದರೂ ಸಿಕ್ಕೀತಾ ಅನ್ನುವ ಆಸೆಯಲ್ಲಿ ಕೇಳುತ್ತಾರೆ. ಅಷ್ಟಕ್ಕೇ ಆ ಕಳ್ಳನ ಮೇಲೆ ನಮಗೆ ಕನಿಕರ ಹುಟ್ಟಿಬಿಡುತ್ತದೆ.

ಹುಟ್ಟಿದ್ದು 1904ರಲ್ಲಿ. ಊರು ಆಗ ಹಂಗೇರಿಗೆ ಸೇರಿತ್ತು, ಈಗ ಅದು ಸ್ಲೊವಾಕಿಯಾದ ರುಜೊಂಬೆರೊಕ್. ಅಪ್ಪ ಅಮ್ಮ ಇಟ್ಟ ಹೆಸರು ಲಾಸ್ಲೋ ಲೋವೆನ್‌ಸ್ಟೈನ್. ಜರ್ಮನ್ ಮಾತಾಡುವ ಯಹೂದಿ ಮನೆ. ವಿಯೆನ್ನಾದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದವರು ನಾಟಕದ ಹುಚ್ಚಿಗೆ ಬಿದ್ದು ಬರ್ಲಿನ್‌ಗೆ ಬಂದರು, ನಾಟಕಕಾರ ಬ್ರೆಕ್ಟ್ ಜೊತೆ ಕೆಲಸ ಮಾಡಿದರು. 1931ರಲ್ಲಿ ನಿರ್ದೇಶಕ ಫ್ರಿಟ್ಸ್ ಲಾಂಗ್ ಅವರ 'ಎಂ' ಸಿನಿಮಾ ಬಂತು. ಅದರಲ್ಲಿ ಮಕ್ಕಳನ್ನು ಕೊಲ್ಲುವವನ ಪಾತ್ರ. ಅಲ್ಲಿಂದ ಅವರ ಹಣೆಬರಹ ಬರೆದಾಯ್ತು ಅನ್ನಿ.

ಪ್ರಶ್ನೆ: ಇಂಗ್ಲಿಷೇ ಬರದವರು ಹಾಲಿವುಡ್‌ನಲ್ಲಿ ಹೇಗೆ ಬದುಕಿದರು?

ಉತ್ತರ: 1933ರಲ್ಲಿ ಹಿಟ್ಲರ್ ಬಂದ, ಇವರು ಬರ್ಲಿನ್ ಬಿಟ್ಟರು. ವಿಯೆನ್ನಾ, ಪ್ಯಾರಿಸ್, ಆಮೇಲೆ ಲಂಡನ್. ಅಲ್ಲಿ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಭೇಟಿಗೆ ಹೋದಾಗ ಇಂಗ್ಲಿಷ್ ನಾಲ್ಕು ಮಾತು ಬರುತ್ತಿತ್ತೋ ಇಲ್ಲವೋ. ಹಿಚ್‌ಕಾಕ್‌ಗೆ ಜೋಕು ಹೇಳುವ ಚಟ. ಆತ ಹೇಳುತ್ತಾ ಹೋದರು, ಇವರು ಜೋಕು ಮುಗಿಯಿತು ಅನ್ನಿಸಿದಾಗಲೆಲ್ಲ ಜೋರಾಗಿ ನಗುತ್ತಾ ಹೋದರು. ಪಾತ್ರ ಸಿಕ್ಕಿತು! ಲೋರಿ ಈ ಕಥೆಯನ್ನು ತಾವೇ ಹೇಳಿಕೊಳ್ಳುತ್ತಿದ್ದರು, ಸ್ವಲ್ಪ ಒಗ್ಗರಣೆ ಇರಬಹುದು, ಇರಲಿ. 1934ರ 'ದಿ ಮ್ಯಾನ್ ಹೂ ನ್ಯೂ ಟೂ ಮಚ್' ಸಿನಿಮಾದ ಮಾತುಗಳನ್ನು ಅರ್ಥಕ್ಕಿಂತ ಜಾಸ್ತಿ ಉಚ್ಚಾರಣೆ ಹಿಡಿದು ಬಾಯಿಪಾಠ ಮಾಡಿದ್ದರು. ಈಗ ನೋಡಿದರೆ ಗೊತ್ತೇ ಆಗುವುದಿಲ್ಲ. ಪದಗಳ ಮೇಲೆ ಆ ನಿಧಾನ, ಆ ತಡವರಿಕೆ ಎಲ್ಲ ಪಾತ್ರದ್ದೇ ಅನ್ನಿಸುತ್ತದೆ. ಮುಂದೆ ಇಂಗ್ಲಿಷ್ ಚೆನ್ನಾಗಿ ಬಂದಮೇಲೂ ಆ ದನಿ ಬಿಡಲಿಲ್ಲ, ಅನ್ನ ಕೊಡುತ್ತಿದ್ದದ್ದು ಅದೇ ಅಲ್ವಾ.

ಪ್ರಶ್ನೆ: ವಲಸೆ ಬಂದ ಇಂಥ ನಟರಿಗೆಲ್ಲ ಬರೀ ಕೇಡಿಗಳ ಪಾತ್ರ ಕೊಟ್ಟಿದ್ದು ಅನ್ಯಾಯ ಅಲ್ವಾ?

ಉತ್ತರ: ಅನ್ಯಾಯವೇ. ಆದರೆ ಸುಮ್ನೆ ಪಾಪ ಅಂದುಬಿಟ್ಟರೆ ಅವರ ಕೆಲಸವನ್ನು ನೋಡಿದ ಹಾಗಾಗುವುದಿಲ್ಲ. ಲೋರಿಯವರು 1937ರಿಂದ 1939ರವರೆಗೆ ಮಿಸ್ಟರ್ ಮೋಟೋ ಅನ್ನುವ ಜಪಾನಿ ಪತ್ತೇದಾರನಾಗಿ ಎಂಟು ಸಿನಿಮಾ ಮಾಡಿದರು. ಹಂಗೇರಿಯಲ್ಲಿ ಹುಟ್ಟಿದ ಯಹೂದಿ, ಕನ್ನಡಕ ಹಾಕಿಕೊಂಡು ಜಪಾನಿ! ಸ್ಟುಡಿಯೋದವರ ಲೆಕ್ಕದಲ್ಲಿ ಹೊರಗಿನವನು ಅಂದರೆ ಹೊರಗಿನವನು, ಯಾವ ಊರಿನವನಾದರೇನು. ಲೋರಿಯವರಿಗೇ ಅದು ಬೇಜಾರು ಹಿಡಿಸಿತ್ತು.

ನೀವು ನೋಡಿದ 'ಕಾಸಾಬ್ಲಾಂಕಾ'ವನ್ನೇ ತಗೊಳ್ಳಿ. ಮೇಜರ್ ಸ್ಟ್ರಾಸರ್ ಎಂಬ ನಾತ್ಸಿ ಅಧಿಕಾರಿಯಾಗಿರುವ ಕಾನ್ರಾಡ್ ಫೈಟ್, ಯಹೂದಿ ಹೆಂಡತಿಯ ಜೊತೆ ನಾತ್ಸಿಗಳಿಂದ ತಪ್ಪಿಸಿಕೊಂಡು ಬಂದವರು. ಜೂಜಿನ ಮೇಜಿನ ಹತ್ತಿರ ಇರುವ ಮಾರ್ಸೆಲ್ ಡಾಲಿಯೋ ಫ್ರಾನ್ಸಿನಲ್ಲಿ ದೊಡ್ಡ ನಟ. ಯಹೂದಿ ಅಂದರೆ ಹೀಗಿರುತ್ತಾನೆ ಅಂತ ತೋರಿಸಲು ನಾತ್ಸಿಗಳು ಇವರ ಮುಖವನ್ನೇ ಪೋಸ್ಟರ್‌ಗೆ ಹಾಕಿದ್ದರು. ಇಲ್ಲಿ ಅವರಿಗೆ ನಾಲ್ಕು ಮಾತಿನ ಪಾತ್ರ. ಗುಂಡುಮುಖದ ಹೆಡ್ ವೇಟರ್ ಕಾರ್ಲ್ ಆಗಿ ನಗಿಸುವ ಬುಡಾಪೆಸ್ಟ್‌ನ ಎಸ್. ಝಡ್. ಸಕಾಲ್ ಅವರ ಮೂವರು ಸೋದರಿಯರು ನಾತ್ಸಿ ಶಿಬಿರಗಳಲ್ಲಿ ಸತ್ತರು. ಜರ್ಮನ್ನರ ಹಾಡನ್ನು ಮುಚ್ಚಿಹಾಕುವ ಹಾಗೆ ಎಲ್ಲರೂ ಎದ್ದು ಫ್ರೆಂಚ್ ರಾಷ್ಟ್ರಗೀತೆ ಹಾಡುವ ದೃಶ್ಯದಲ್ಲಿ ಹಿಂದೆ ನಿಂತವರ ಮುಖ ನೋಡಿ, ನಾಯಕ ನಾಯಕಿಯನ್ನಲ್ಲ. ಚಿಕ್ಕ ಪಾತ್ರ ನಿಜ. ಆದರೆ ಈ ಜನ ಇಲ್ಲದಿದ್ದರೆ ಆ ಸಿನಿಮಾ ಬರೀ ಒಂದು ಪ್ರೇಮಕಥೆ ಆಗಿರುತ್ತಿತ್ತು.

ಪ್ರಶ್ನೆ: ಲೋರಿಗೆ ಆಸ್ಕರ್ ಬಂತಾ?

ಉತ್ತರ: ಇಲ್ಲ. ನಾಮನಿರ್ದೇಶನದ ಪಟ್ಟಿಗೂ ಒಂದು ಸಲ ಹೆಸರು ಬರಲಿಲ್ಲ.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಜರ್ಮನಿಗೆ ವಾಪಸ್ ಹೋಗಲಿಲ್ವಾ?

ಉತ್ತರ: ಹೋದರು. 1941ರಲ್ಲೇ ಅಮೆರಿಕದ ಪ್ರಜೆಯಾಗಿದ್ದರೂ, ಕೈ ಬರಿದಾಗಿ ಅವಕಾಶ ಕಡಿಮೆಯಾದಾಗ ಪಶ್ಚಿಮ ಜರ್ಮನಿಗೆ ಹೋಗಿ 1951ರಲ್ಲಿ 'ಡೆರ್ ಫೆರ್ಲೋರೆನೆ' ತೆಗೆದರು. ಅವರು ನಿರ್ದೇಶಿಸಿದ್ದು ಅದೊಂದೇ. ನಾತ್ಸಿ ಕಾಲದಲ್ಲಿ ಕೊಲೆ ಮಾಡಿದ ವಿಜ್ಞಾನಿಯೊಬ್ಬನ ಕಥೆ, ಆ ಪಾತ್ರವೂ ಅವರದ್ದೇ. ಹಳೆಯದನ್ನೆಲ್ಲ ಮರೆಯಬೇಕು ಅಂತಿದ್ದ ಜನಕ್ಕೆ ಇದು ಬೇಕಾಗಿರಲಿಲ್ಲ. ಸಿನಿಮಾ ಮಲಗಿತು, ಇವರು ಅಮೆರಿಕಕ್ಕೆ ಮರಳಿದರು. ಇನ್ನೊಂದು ಕೇಳಿ. ನಾತ್ಸಿಗಳು 1940ರ ತಮ್ಮ ಪ್ರಚಾರ ಚಿತ್ರದಲ್ಲಿ 'ಎಂ'ನ ಕೊನೆಯ ಭಾಗ, ನನ್ನ ಕೈಲಿ ತಡೆಯೋಕೆ ಆಗಲ್ಲ ಅಂತ ಲೋರಿ ಅಂಗಲಾಚುವ ತುಣುಕನ್ನು ಹಾಕಿ, ನೋಡಿ ಯಹೂದಿಯ ಬುದ್ಧಿ ಅಂತ ತೋರಿಸಿದ್ದರು. ನಟನೆ ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು.

ಆಮೇಲಿನದು ಬೇಗ ಹೇಳಿಬಿಡ್ತೀನಿ. ಪಿತ್ತಕೋಶದ ತೊಂದರೆಗೆ ಅಂತ ಶುರುವಾದ ಮಾರ್ಫಿನ್ ಚಟ ಅವರನ್ನು ಬಹಳ ಕಾಡಿತ್ತು. ಮೈ ಊದಿಕೊಂಡಿತು. 1954ರಲ್ಲಿ ಟಿವಿಯಲ್ಲಿ ಬಂದ 'ಕ್ಯಾಸಿನೋ ರಾಯಲ್'ನಲ್ಲಿ ಲ ಶಿಫ್ರ್ ಆದರು, ಅಂದರೆ ತೆರೆಯ ಮೇಲೆ ಜೇಮ್ಸ್ ಬಾಂಡ್‌ಗೆ ಎದುರಾದ ಮೊದಲ ಖಳ ಇವರೇ. 1960ರ ದಶಕದಲ್ಲಿ ನಟ ವಿನ್ಸೆಂಟ್ ಪ್ರೈಸ್ ಜೊತೆ ಭಯ, ತಮಾಷೆ ಬೆರೆತ ಸಿನಿಮಾಗಳನ್ನು ಮಾಡಿದರು. 1964ರ ಮಾರ್ಚ್‌ನಲ್ಲಿ ಪಾರ್ಶ್ವವಾಯು ಬಡಿದು ತೀರಿಕೊಂಡರು, 59 ವರ್ಷ.

ಪ್ರಶ್ನೆ: ಯಾವುದರಿಂದ ನೋಡೋಕೆ ಶುರು ಮಾಡಲಿ?

ಉತ್ತರ: ಮೊದಲು 'ಎಂ'. ಅದಾದ ಮೇಲೆ 1941ರ 'ದಿ ಮಾಲ್ಟೀಸ್ ಫಾಲ್ಕನ್'. ಅದರಲ್ಲಿ ಸೆಂಟು ಪೂಸಿಕೊಂಡು ಕೈಗೋಲು ಹಿಡಿದು ಬರುವ ಜೋಯೆಲ್ ಕೈರೋ ಇವರೇ. ಬೋಗಾರ್ಟ್ ಕೈಲಿ ಏಟು ತಿಂದು, ಎಚ್ಚರವಾದ ಕೂಡಲೇ ಕನ್ನಡಿ ನೋಡಿಕೊಂಡು ನನ್ನ ಅಂಗಿ ಏನಾಗಿದೆ ನೋಡು ಅಂತ ಕೊರಗುತ್ತಾರೆ! ನಗು ಬೇಕಾದರೆ 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್'. ಮೋಟೋ ಸಿನಿಮಾಗಳಲ್ಲಿ ಒಂದನ್ನು ನೋಡಿದರೆ ಸಾಕು, ಎಂಟೂ ಬೇಕಾಗಿಲ್ಲ.