ಹಿಂಬದಿಯ ಗಂಟು

ಬರೆಯಲು ಅನುಮತಿ ಕೇಳಿದಾಗ ಅವರು ಹಾಕಿದ್ದು ಒಂದೇ ಷರತ್ತು: ಗುರುತು ಸಿಗಬಾರದು. ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಸುಮಕ್ಕ ಅನ್ನೋಣ. ಧಾರವಾಡದ ಕಡೆಯವರು, ಐವತ್ತು ದಾಟಿದವರು. ರಾತ್ರಿ ನಿದ್ದೆಯಿಲ್ಲ, ಸೂಜಿ ಹಿಡಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದಿದ್ದರು. ವೈದ್ಯರು ಬಿಪಿ, ಥೈರಾಯ್ಡ್ ಎಲ್ಲ ನೋಡಿ, ಮನಸ್ಸಿನ ಸಲಹೆಗೆ ನನ್ನ ಬಳಿ ಕಳಿಸಿದ್ದರು.

ಅಜ್ಜಿ ಕಲಿಸಿದ ಕಸೂತಿಯನ್ನು ಮೂವತ್ತು ವರ್ಷ ಮಧ್ಯಾಹ್ನದ ಹೊತ್ತು ಕಿಟಕಿ ಪಕ್ಕ ಕೂತು ಹಾಕಿದವರು. ಎರಡು ವರ್ಷದ ಹಿಂದೆ ಮಗಳು ಇನ್‌ಸ್ಟಾಗ್ರಾಂನಲ್ಲಿ ಪುಟ ತೆರೆದಳು. ಆರ್ಡರ್ ಬಂದವು, ಹೊಗಳಿಕೆ ಬಂತು, ದುಡ್ಡೂ ಬಂತು.

ಮೂರನೇ ಭೇಟಿಗೆ, ಕೈಯಲ್ಲಿರುವ ಕೆಲಸ ತನ್ನಿ ಎಂದಿದ್ದೆ. ಇಳಕಲ್ ಸೀರೆಯ ಸೆರಗು ತಂದರು. ಗೋಪುರ, ಆನೆ, ತುಳಸಿಕಟ್ಟೆ. ಚೆನ್ನಾಗಿದೆ ಎಂದೆ. ಅವರು ಮಾತಾಡದೆ ಬಟ್ಟೆ ತಿರುವಿ ಹಿಂಬದಿ ತೋರಿಸಿದರು.

“ಗಂಟು ಹಾಕೇನ್ರಿ ಮೇಡಂ.”

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಸೂತಿಗೆ ಬಟ್ಟೆ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ನಡುನಡುವೆ ಜಾಗ ಬಿಟ್ಟು ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತ ಆ ಜಾಗ ತುಂಬಬೇಕು. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು.

“ಕೊಳ್ಳೋರು ಹಿಂದ ನೋಡಂಗಿಲ್ರಿ. ಕೊರಿಯರ್ ಹುಡುಗ ಬರೂದ್ರಾಗ ಮುಗೀಬೇಕಲ್ಲ. ನಮ್ಮಜ್ಜಿ ಇದ್ದಿದ್ರ ಪೂರಾ ಬಿಚ್ಚಸ್ತಿದ್ಲು.” ಸ್ವಲ್ಪ ಹೊತ್ತಿನ ಮೇಲೆ, “ಎಳಿ ಎಣಸೂಮುಂದ ನನಗ ಏನೂ ನೆನಪಿರ್ತಿರಲಿಲ್ಲ. ಈಗ ರೊಕ್ಕ ಎಣಸ್ತೀನಿ” ಎಂದರು. ಆಗ ಅತ್ತರು.

ಗಡಿಬಿಡಿ ತಮ್ಮನ್ನು ದಣಿಸಿದೆ ಎಂದುಕೊಂಡೇ ಅವರು ಬಂದಿದ್ದರು. ಆದರೆ ನಿದ್ದೆ ಕಸಿದಿದ್ದು ಆ ಗಂಟು ಎಂದು ನನಗೆ ಅವತ್ತು ಖಚಿತವಾಯಿತು.

ನಾನು ಕೊಟ್ಟ ಸಲಹೆ ಇಷ್ಟು. ಒಪ್ಪಿಕೊಂಡ ಆರ್ಡರ್ ಮುಗಿಸಿ, ಮೂರು ತಿಂಗಳು ಹೊಸದು ಬೇಡ. ಒಂದು ಬಟ್ಟೆ ಎತ್ತಿಕೊಳ್ಳಿ. ಅದು ಮಾರಾಟಕ್ಕಲ್ಲ, ಉಡುಗೊರೆಗಲ್ಲ, ಫೋಟೊಕ್ಕೂ ಅಲ್ಲ. ಯಾರಿಗೂ ತೋರಿಸಬೇಡಿ. ಬೇಕಾದಾಗ ಹಾಕಿ, ತಪ್ಪಿದರೆ ಬಿಚ್ಚಿ, ಮುಗಿಯದಿದ್ದರೂ ಆಯಿತು.

ಮಗಳು ಸಿಟ್ಟಿನಿಂದ ಫೋನ್ ಮಾಡಿದಳು. “ಅವ್ವ ಮೊದಲ ಸಲ ಸ್ವಂತ ದುಡ್ಡು ನೋಡಿದ್ದು. ಅದನ್ನ ನಿಲ್ಲಿಸಿದಿರಿ.” ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕಸೂತಿಯ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟುವ ಹೆಣ್ಣುಮಕ್ಕಳಿದ್ದಾರೆ, ಅವರಿಗೆ ನಾನು ಈ ಮಾತು ಹೇಳಲಾರೆ. ಸುಮಕ್ಕನ ಮನೆ ಪಿಂಚಣಿಯಲ್ಲಿ ನಡೆಯುತ್ತದೆ ಎಂದು ಕೇಳಿ ತಿಳಿದ ಮೇಲೆಯೇ ಹೇಳಿದ್ದು.

ಸಲಹೆಗೆ ಆಧಾರವೂ ಇತ್ತು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಚಿತ್ರ ಬಿಡಿಸಲು ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಹುಮಾನಪತ್ರ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ, ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಮುಂಚೆ ಹೇಳದೆ, ಆಮೇಲೆ ಬಹುಮಾನ ಪಡೆದವರ ಆಸೆ ಕುಗ್ಗಿರಲಿಲ್ಲ. ಹಾಡುವವರು, ಕೇಕ್ ಮಾಡುವವರು, ರೀಲ್ಸ್ ಮಾಡುವ ಹುಡುಗರು ಇದೇ ದೂರು ಹೊತ್ತು ಬರುತ್ತಲೇ ಇದ್ದಾರೆ. “ಇಷ್ಟು ಚೆನ್ನಾಗಿ ಮಾಡ್ತೀಯಲ್ಲ, ಮಾರಬಾರದಾ?” ಎಂದು ಮನೆಯವರು ಪ್ರೀತಿಯಿಂದಲೇ ಕೇಳಿರುತ್ತಾರೆ. ಕೇಳುವ ಮೊದಲು, ಅವರು ಅದನ್ನು ಮಾಡುವಾಗ ಮುಖ ಹೇಗಿರುತ್ತದೆ ಎಂದು ದಯವಿಟ್ಟು ಒಮ್ಮೆ ನೋಡಿ.

ನಾಲ್ಕನೇ ತಿಂಗಳು ಸುಮಕ್ಕ ಆರ್ಡರ್ ಮತ್ತೆ ಶುರು ಮಾಡಿದರು, ತಿಂಗಳಿಗೆ ಒಂದು. ಅವಸರವಿದ್ದವರು ಬೇರೆ ಕಡೆ ಹೋಗಲಿ ಎಂದು ಮಗಳೇ ಪುಟದಲ್ಲಿ ಬರೆದಿದ್ದಾಳೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ವಾಸಿ.

ಆ ಇನ್ನೊಂದು ಬಟ್ಟೆ ಎಲ್ಲಿಗೆ ಬಂತೆಂದು ನಾನು ಕೇಳಿಲ್ಲ. ಅವರೂ ತೋರಿಸಿಲ್ಲ.