ಪಿಯುಸಿ 58, ಸಿಇಟಿ ರ‍್ಯಾಂಕ್ ಲಕ್ಷ ದಾಟಿದೆ, ಬೆಂಗಳೂರಲ್ಲಿ ಮಗಳಿಗೆ ಯಾವ ಇಂಜಿನಿಯರಿಂಗ್ ಕಾಲೇಜು?

ಸಾರ್, ಬೇರೆಯವರಿಗೂ ಗೊತ್ತಾಗ್ಲಿ ಅಂತ ನಿಮ್ ಪ್ರಶ್ನೆನ ಒಂದ್ಸಲ ಹೇಳ್ಬಿಡ್ತೀನಿ. ಮಗಳಿಗೆ ಸೆಕೆಂಡ್ ಪಿಯುಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್) 58 ಪರ್ಸೆಂಟ್, ಸಿಇಟಿಯಲ್ಲಿ 180ಕ್ಕೆ 52, ರ‍್ಯಾಂಕ್ ಒಂದು ಲಕ್ಷದ ಆಚೆ, ಮನೆ ಸುಂಕದಕಟ್ಟೆ, ನಿಮಗೆ ಪೀಣ್ಯದಲ್ಲಿ ಕೆಲಸ, ಹತ್ತನೇ ಕ್ಲಾಸ್ ತನಕ ಅವಳು ಕುಣಿಗಲ್ ಹತ್ರ ಅಜ್ಜಿ ಊರಲ್ಲಿ ಓದಿದಾಳೆ, ಈಗ ಒಬ್ಬ ಏಜೆಂಟು ದಿನಾ ಫೋನ್ ಮಾಡಿ ಊರಾಚೆ ಒಂದು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟು, ವರ್ಷಕ್ಕೆ ಎರಡೂಮುಕ್ಕಾಲು ಲಕ್ಷ, ಇವತ್ತೇ ಐವತ್ತು ಸಾವಿರ ಕೊಟ್ಟು ಬ್ಲಾಕ್ ಮಾಡ್ಕೊಳ್ಳಿ ಅಂತಿದಾನೆ, ಕೊಡ್ಲಾ ಬೇಡ್ವಾ ಅಂತ ಕೇಳಿದೀರ.

ಕೊಡ್ಬೇಡಿ. ಇವತ್ತೇ ಅನ್ನೋ ಮಾತೇ ಸುಳ್ಳು. ಇಂಥ ಕಾಲೇಜುಗಳಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೌನ್ಸೆಲಿಂಗ್ ಮುಗಿಯೋವರೆಗೂ ಇರತ್ತೆ, ಎಷ್ಟೋ ಸಲ ಕೊನೇಲಿ ರೇಟೂ ಇಳಿಯತ್ತೆ. ಏಜೆಂಟ್ ಕೈಗೆ ಕ್ಯಾಶ್ ಕೊಟ್ರೆ ಅದಕ್ಕೆ ರಸೀದಿ ಇಲ್ಲ, ವಾಪಸ್ ಕೇಳೋಕೆ ಆಧಾರ ಇಲ್ಲ. ಕಾಲೇಜ್ ಕೌಂಟರಲ್ಲೇ ಕಟ್ಟಿದ್ರೆ ಆಗ ಕಥೆ ಬೇರೆ, ಅಡ್ಮಿಷನ್ ಕೊನೇ ತಾರೀಖಿಗೆ ಮುಂಚೆ ಸೀಟ್ ಬಿಟ್ರೆ ಸಾವಿರ ರೂಪಾಯಿಗಿಂತ ಜಾಸ್ತಿ ಮುರ್ಕೊಳ್ಳೋ ಹಾಗಿಲ್ಲ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ಳೋ ಹಾಗೂ ಇಲ್ಲ ಅಂತ ಇಂಜಿನಿಯರಿಂಗ್ ಕಾಲೇಜುಗಳನ್ನ ನಿಯಂತ್ರಿಸೋ ಕೇಂದ್ರದ ಎಐಸಿಟಿಇ ರೂಲೇ ಇದೆ. ಇದನ್ನ ಏಜೆಂಟಿಗೆ ಹೇಳಿ ನೋಡಿ, ಅವನೇ ಫೋನ್ ಇಡ್ತಾನೆ.

ನಾನು ಬೆಂಗಳೂರಲ್ಲೇ ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ, ಅದರ ಕೆಳಗೆ ಬರೋ ಒಂದು ಕಾಲೇಜಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡೋಳು. ಕಾಲೇಜ್ ಹೆಸರು ಕೇಳ್ಬೇಡಿ. ನಮ್ಮಲ್ಲಿಗೆ ಬರೋ ಮಕ್ಕಳಲ್ಲಿ ಹೆಚ್ಚಿನವರು ನಿಮ್ಮ ಮಗಳ ಥರದ ರ‍್ಯಾಂಕಿನವರೇ, ಹಾಗಾಗಿ ಇದನ್ನ ಹತ್ತಿರದಿಂದ ನೋಡಿ ಹೇಳ್ತಿದೀನಿ. ಆರ್‌ವಿ, ಬಿಎಂಎಸ್, ರಾಮಯ್ಯ ಈ ರ‍್ಯಾಂಕಿಗೆ ಸಿಗಲ್ಲ, ಅದನ್ನ ಮನಸ್ಸಿಂದ ತೆಗೆದುಬಿಡಿ. ಅವುಗಳ ಕೆಳಗೆ ನೂರಾರು ಕಾಲೇಜಿದೆ, ಅವುಗಳ ಹೆಸರಲ್ಲಿ ಕಂಪನಿಯವರಿಗೆ ಕಾಣೋ ವ್ಯತ್ಯಾಸ ತುಂಬಾ ಕಮ್ಮಿ. ಆದ್ರೆ ನಾಲ್ಕು ವರ್ಷದಲ್ಲಿ ಬ್ಯಾಕ್, ಅಂದ್ರೆ ಫೇಲಾಗಿ ಉಳಿದ ಸಬ್ಜೆಕ್ಟ್, ಇಲ್ಲದೆ ಮುಗಿಸಿದ ಹುಡುಗಿಗೂ, ಮ್ಯಾತ್ಸ್ ಎರಡು ಸಲ ಹೋಗಿ ಒಂದು ವರ್ಷ ಲಾಸ್ ಆದ ಹುಡುಗಿಗೂ ಇರೋ ವ್ಯತ್ಯಾಸ ಎಲ್ಲಾ ಕಂಪನಿಗೂ ಕಾಣತ್ತೆ. ಹಾಗಾಗಿ ಅವಳು ಬ್ಯಾಕ್ ಇಲ್ದೆ ಯಾವ ಕಾಲೇಜಲ್ಲಿ ಮುಗಿಸ್ತಾಳೆ, ಅದನ್ನ ಹುಡುಕಿ.

ಯಾಕೆ ಅಂತ ಹೇಳ್ತೀನಿ. ಕ್ಯಾಂಪಸ್‌ಗೆ ಬರೋ ತುಂಬಾ ಕಂಪನಿಗಳು ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಇ ಮೂರರಲ್ಲೂ 60 ಪರ್ಸೆಂಟ್ ಕೇಳ್ತವೆ, ನಡೀತಿರೋ ಬ್ಯಾಕ್‌ಲಾಗ್ ಇರ್ಬಾರ್ದು ಅಂತವೆ. ಪಿಸಿಎಂ 58 ಅಂತ ನೀವು ಬರ್ದಿದೀರ, ಕನ್ನಡ ಇಂಗ್ಲಿಷ್ ಎಲ್ಲಾ ಸೇರ್ಸಿ ಟೋಟಲ್ ಎಷ್ಟು ಅಂತ ಬರ್ದಿಲ್ಲ, ಸಾಮಾನ್ಯವಾಗಿ ಕಂಪನಿ ನೋಡೋದು ಆ ಟೋಟಲ್ಲು. ಅದು 60 ದಾಟಿದ್ರೆ ಯೋಚ್ನೆ ಇಲ್ಲ. ದಾಟಿಲ್ಲ ಅಂದ್ರೆ ಪಿಯು ಬೋರ್ಡು ಮಾರ್ಕ್ಸ್ ಏರಿಸ್ಕೊಳ್ಳೋಕೆ ಮತ್ತೊಂದ್ಸಲ ನಡೆಸೋ ಪರೀಕ್ಷೆ-2 ಯಾಕೆ ಬರೀಬಾರ್ದು? ಅದರಲ್ಲಿ ಎರಡು ಲಾಭ, ಟೋಟಲ್ 60 ದಾಟ್ಬೋದು, ಸಿಇಟಿ ರ‍್ಯಾಂಕೂ ಮೇಲೆ ಬರ್ಬೋದು. ಸಿಇಟಿ ರ‍್ಯಾಂಕಿಗೆ ಪಿಸಿಎಂ ಅರ್ಧ, ಸಿಇಟಿ ಅರ್ಧ. ನಿಮ್ಮ ಮಗಳ ಲೆಕ್ಕ ಹಾಕಿದ್ರೆ 58ರ ಅರ್ಧ 29, ಸಿಇಟಿಯ 52 ಅಂದ್ರೆ 28.9 ಪರ್ಸೆಂಟ್, ಅದರರ್ಧ 14.4, ಒಟ್ಟು 43.4. ಪಿಸಿಎಂ 58ರಿಂದ 64ಕ್ಕೆ ಹೋದ್ರೆ 3 ಪಾಯಿಂಟ್ ಏರತ್ತೆ, ಅದು ಸಿಇಟಿಯಲ್ಲಿ 11 ಮಾರ್ಕ್ಸ್ ಜಾಸ್ತಿ ತೆಗೆದ ಹಾಗೆ. ಈ ಮಟ್ಟದಲ್ಲಿ ಮಕ್ಕಳು ಒತ್ತೊತ್ತಾಗಿ ಇರ್ತಾರೆ, ಮೂರು ಪಾಯಿಂಟಿಗೆ ರ‍್ಯಾಂಕು ಸಾವಿರಗಟ್ಟಲೆ ಮೇಲೆ ಬರತ್ತೆ. ಪರೀಕ್ಷೆ-2ರ ಮಾರ್ಕ್ಸನ್ನೂ ಸಿಇಟಿ ನಡೆಸಿ ಸೀಟು ಹಂಚೋ ಕೆಇಎ ಇತ್ತೀಚಿನ ವರ್ಷಗಳಲ್ಲಿ ರ‍್ಯಾಂಕಿಗೆ ತಗೊಂಡಿದೆ, ನೋಟಿಸ್ ನೋಡ್ತಾ ಇರಿ.

ಈಗ ನೀವು ಮಾಮೂಲಿ ಅಂತ ಬರೆದಿರೋ ಅಜ್ಜಿ ಊರಿನ ಮಾತಿಗೆ ಬರೋಣ, ನನಗೆ ಮುಖ್ಯ ಅನ್ಸಿದ್ದೇ ಅದು. ಒಂದರಿಂದ ಹತ್ತರ ತನಕ ಹಳ್ಳಿ ಶಾಲೇಲಿ ಓದಿದ್ರೆ ರೂರಲ್ ಕೋಟಾ 15 ಪರ್ಸೆಂಟ್, ಹತ್ತೂ ವರ್ಷ ಕನ್ನಡ ಮೀಡಿಯಂ ಆದ್ರೆ ಅದಕ್ಕೆ ಬೇರೆ 5 ಪರ್ಸೆಂಟ್. ಹತ್ತೂ ವರ್ಷ ಇರ್ಬೇಕು, ಮಧ್ಯ ಒಂದು ವರ್ಷ ಸಿಟೀಲಿ ಓದಿದ್ರೂ ಹೋಯ್ತು. ಹೆಡ್‌ಮಾಸ್ಟರ್ ಕೊಟ್ಟ ಸ್ಟಡಿ ಸರ್ಟಿಫಿಕೇಟಿಗೆ ಬಿಇಒ, ಅಂದ್ರೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ಸೈನೂ ಸೀಲೂ ಬೇಕು, ಕುಣಿಗಲ್‌ಗೆ ಹೋಗೋದಾದ್ರೆ ಒಂದೇ ಓಡಾಟದಲ್ಲಿ ಶಾಲೆ, ಬಿಇಒ ಆಫೀಸು ಎರಡೂ ಮುಗಿಸ್ಕೊಂಡು ಬನ್ನಿ. ಅಪ್ಲಿಕೇಶನ್ನಲ್ಲಿ ಈ ಕ್ಲೇಮ್ ಹಾಕಿದೀರಾ ನೋಡಿ, ಹಾಕಿಲ್ಲ ಅಂದ್ರೆ ಕೆಇಎ ತಿದ್ದುಪಡಿಗೆ ಲಿಂಕ್ ಬಿಟ್ಟ ತಕ್ಷಣ ಹಾಕಿ. ಇದರ ಜೊತೆ ಎಸ್‌ಎನ್‌ಕ್ಯೂ ಅಂತ ಒಂದಿದೆ, ವರ್ಷದ ಆದಾಯ 8 ಲಕ್ಷದ ಒಳಗಿದ್ರೆ ಟ್ಯೂಷನ್ ಫೀ ಮಾಫಿ ಇರೋ ಸೀಟು, ಪ್ರತಿ ಬ್ರ್ಯಾಂಚಲ್ಲಿ 5 ಪರ್ಸೆಂಟ್ ಹೆಚ್ಚುವರಿ ಇಟ್ಟಿರ್ತಾರೆ. ಸಿಎಸ್‌ಗೆ ಸಿಗೋದು ಕಷ್ಟ, ಬೇರೆ ಬ್ರ್ಯಾಂಚಿಗೆ ಸಿಕ್ಕಿದ್ದನ್ನ ನಾನೇ ನೋಡಿದೀನಿ. ಈ ಎರಡೂ ಬಿಟ್ಟು ಏಜೆಂಟ್ ಹಿಂದೆ ಹೋಗ್ಬೇಡಿ.

ದುಡ್ಡಿನ ಲೆಕ್ಕ ನೋಡಿ. ಖಾಸಗಿ ಕಾಲೇಜಲ್ಲಿ ಸಿಇಟಿ ಸೀಟು ಅಂದ್ರೆ ವರ್ಷಕ್ಕೆ ಲಕ್ಷದ ಆಸುಪಾಸು, ಸರ್ಕಾರಿ ಕಾಲೇಜಲ್ಲಿ ನಲವತ್ತು ಚಿಲ್ರೆ ಸಾವಿರ. ಏಜೆಂಟ್ ಹೇಳೋ ಸೀಟು ನಾಲ್ಕು ವರ್ಷಕ್ಕೆ ಹನ್ನೊಂದು ಲಕ್ಷ. ಅದೇ ಕಾಲೇಜು, ಅದೇ ಬೆಂಚು, ಅದೇ ಮೇಷ್ಟ್ರು, ಪಕ್ಕದಲ್ಲಿ ಕೂತಿರೋ ಹುಡುಗ ಸಿಇಟಿಯಲ್ಲಿ ನಾಲ್ಕು ಲಕ್ಷಕ್ಕೆ ಮುಗಿಸ್ತಾನೆ. ಮಿಕ್ಕ ಏಳು ಲಕ್ಷ ಸಾಲ ಆದ್ರೆ, ಮೊದಲನೇ ಕೆಲಸದ ಸಂಬಳ ಇಎಂಐಗೇ ಹೋಗತ್ತೆ.

ಹಾಗಂತ ಬರೀ ಸಿಎಸ್ ಅಂತ ಕೂತ್ಕೋಬೇಡಿ. ಈಗ ಸಿಎಸ್ ಜೊತೆಗೆ ಎಐ ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ ಅಂತ ಎಷ್ಟೊಂದು ಬೋರ್ಡು, ಒಂದೇ ಹಿಟ್ಟಲ್ಲಿ ಸೆಟ್ ದೋಸೆ, ಮಸಾಲೆ ದೋಸೆ, ಈರುಳ್ಳಿ ದೋಸೆ ಹುಯ್ದ ಹಾಗೆ. ಹೆಸರು ಬೇರೆ ಅಂತ ಜಾಸ್ತಿ ದುಡ್ಡು ಕೊಡೋದ್ರಲ್ಲಿ ಅರ್ಥ ಇಲ್ಲ. ಅದೇ ರ‍್ಯಾಂಕಲ್ಲಿ ಎಲೆಕ್ಟ್ರಿಕಲ್, ಸಿವಿಲ್, ಮೆಕ್ಯಾನಿಕಲ್ ತಗೊಂಡ್ರೆ ಒಂದು ಹಂತ ಮೇಲಿನ ಕಾಲೇಜ್ ಸಿಗತ್ತೆ, ಯಾಕಂದ್ರೆ ಎಷ್ಟೋ ಕಡೆ ಆ ಸೀಟು ಖಾಲಿ ಬಿದ್ದಿರತ್ತೆ. ನನ್ನ ಬ್ರ್ಯಾಂಚ್ ಅಂತ ಹೊಗಳ್ತಿಲ್ಲ, ಕರೆಂಟ್ ಸಾಗಿಸೋ ಸರ್ಕಾರಿ ಕಂಪನಿ ಕೆಪಿಟಿಸಿಎಲ್‌ನಲ್ಲಿ ಎಇ, ಅಂದ್ರೆ ಅಸಿಸ್ಟೆಂಟ್ ಇಂಜಿನಿಯರ್, ಆಗ್ಬೇಕಂದ್ರೆ ಎಲೆಕ್ಟ್ರಿಕಲ್ಲೋ ಸಿವಿಲ್ಲೋ ಓದಿರ್ಲೇಬೇಕು, ಅಲ್ಲಿಗೆ ಸಿಎಸ್‌ನವರು ಅರ್ಜಿನೂ ಹಾಕೋಕಾಗಲ್ಲ. ಸಾಫ್ಟ್‌ವೇರ್ ಕಂಪನಿ ಮಾತ್ರ ಎಷ್ಟೋ ಕಡೆ ಎಲ್ಲಾ ಬ್ರ್ಯಾಂಚನ್ನೂ ತಗೊಳ್ಳತ್ತೆ. ಆದ್ರೆ ಅವಳಿಗೆ ಫಿಸಿಕ್ಸ್ ಕಂಡ್ರೆ ಆಗಲ್ಲ ಅಂದ್ರೆ ಎಲೆಕ್ಟ್ರಿಕಲ್ ಬೇಡ, ಥರ್ಡ್ ಸೆಮ್‌ನಲ್ಲೇ ಕಣ್ಣೀರು. ಅವಳನ್ನ ಕೂರಿಸ್ಕೊಂಡು ಕೇಳಿ, ನೀವು ಡಿಸೈಡ್ ಮಾಡ್ಬೇಡಿ.

ಸರ್ಕಾರಿ ಕಾಲೇಜು ಅಂದ ತಕ್ಷಣ ಮೂಗು ಮುರಿಯೋರು ತುಂಬಾ ಜನ. ಯುವಿಸಿಇ 1917ರಲ್ಲಿ ಸರ್ ಎಂವಿ ಕಟ್ಟಿದ್ದು, ಅದು ಜನರಲ್‌ನಲ್ಲಿ ಸಿಗೋದು ಕಷ್ಟ, ಕೋಟಾ ಇದ್ರೆ ಆಪ್ಷನ್ ಹಾಕಿಡಿ, ಹಾಕೋಕೇನು ಖರ್ಚಿಲ್ಲ. ಅದರ ಪಕ್ಕ ಕೆ.ಆರ್. ಸರ್ಕಲ್‌ನಲ್ಲೇ ಎಸ್‌ಕೆಎಸ್‌ಜೆಟಿಐ ಇದೆ, 1938ರಿಂದ ಇರೋ ಸರ್ಕಾರಿ ಕಾಲೇಜು, ಅಲ್ಲಿ ಟೆಕ್ಸ್‌ಟೈಲ್ ಟೆಕ್ನಾಲಜಿ ಅಂತ ಯಾರೂ ಕೇಳದ ಬ್ರ್ಯಾಂಚ್ ಇದೆ. ಪೀಣ್ಯದ ಗಾರ್ಮೆಂಟ್ಸ್ ನಿಮಗೇ ಗೊತ್ತು, ಅಲ್ಲಿ ಮೇಲಿನ ಹುದ್ದೇಲಿ ಇರೋರನ್ನ ಒಂದ್ಸಲ ವಿಚಾರಿಸಿ. ರಾಮನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನೂ ಲಿಸ್ಟಲ್ಲಿ ಹಾಕಿ, ಮೈಸೂರು ಲೈನಿನ ಟ್ರೈನಿದೆ.

ದೂರದ ವಿಚಾರ ಜನ ಲೆಕ್ಕಕ್ಕೇ ತಗೊಳ್ಳಲ್ಲ, ನನ್ನ ಪ್ರಕಾರ ಅರ್ಧ ಫೇಲಾಗೋದು ಅಲ್ಲೇ. ವಿಟಿಯುನಲ್ಲಿ 85 ಪರ್ಸೆಂಟ್ ಅಟೆಂಡೆನ್ಸ್ ಬೇಕು. ಸುಂಕದಕಟ್ಟೆಯಿಂದ ವೈಟ್‌ಫೀಲ್ಡ್ ಕಡೆನೋ ಹೊಸಕೋಟೆ ಕಡೆನೋ ಕಾಲೇಜಾದ್ರೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ವಾಪಸ್, ಬಂದು ಲ್ಯಾಬ್ ರೆಕಾರ್ಡ್ ಬರೀಬೇಕು, ಅಸೈನ್‌ಮೆಂಟ್ ಬರೀಬೇಕು, ಮ್ಯಾತ್ಸ್ ಯಾವಾಗ ಮಾಡ್ತಾಳೆ? ನನ್ನ ಮೊದಲನೇ ಪೀರಿಯಡ್ಡಲ್ಲಿ ಹಿಂದಿನ ಬೆಂಚಲ್ಲಿ ನಿದ್ದೆ ಹೊಡಿಯೋ ಮಕ್ಕಳೆಲ್ಲಾ ಸೋಮಾರಿಗಳಲ್ಲ, ಎರಡು ಬಸ್ ಬದಲಾಯಿಸಿ ಬಂದಿರ್ತಾರೆ. ನಿಮ್ಮ ಕಡೆಯಿಂದ ಮಲ್ಲತ್ತಹಳ್ಳಿ, ರಾಜರಾಜೇಶ್ವರಿನಗರ, ಕೆಂಗೇರಿ, ಹೆಸರಘಟ್ಟ ರಸ್ತೆ, ಮಾಗಡಿ ರಸ್ತೆ, ಇಷ್ಟರಲ್ಲೇ ಬೇಕಾದಷ್ಟು ಕಾಲೇಜಿವೆ. ಶಕ್ತಿ ಯೋಜನೇಲಿ ಹುಡುಗಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು ಫ್ರೀ, ಕಾಲೇಜ್ ಬಸ್ಸಿನ ಫೀಸೂ ಉಳಿಯತ್ತೆ.

ಕಾಲೇಜ್ ನೋಡೋಕೆ ಹೋಗೋದಾದ್ರೆ ಅಡ್ಮಿಷನ್ ಆಫೀಸಿಗೆ ಮೊದಲು ಹೋಗ್ಬೇಡಿ, ಅಲ್ಲಿ ಎಸಿ ರೂಮಲ್ಲಿ ಕಾಫಿ ಕೊಟ್ಟು ಬ್ರೋಷರ್ ಕೊಡ್ತಾರೆ. ಸಂಜೆ ನಾಲ್ಕರ ಸುಮಾರಿಗೆ ಗೇಟ್ ಎದುರಿನ ಕಾಂಡಿಮೆಂಟ್ಸ್ ಹತ್ರ ನಿಂತ್ಕೊಳ್ಳಿ, ಫಿಫ್ತ್ ಸೆಮ್ಮು ಸೆವೆಂತ್ ಸೆಮ್ಮಿನ ಮಕ್ಕಳು ಟೀ ಕುಡೀತಾ ಇರ್ತಾರೆ, ಮಗಳ ಕೈಲೇ ಕೇಳಿಸಿ. ನಿಮ್ ಕ್ಲಾಸಲ್ಲಿ ಫಸ್ಟ್ ಇಯರ್ ಮ್ಯಾತ್ಸ್ ಎಷ್ಟು ಜನಕ್ಕೆ ಹೋಯ್ತು, ಲ್ಯಾಬಲ್ಲಿ ಒಂದು ಟೇಬಲ್‌ಗೆ ಎಷ್ಟು ಜನ, ಒಂದೇ ಸೆಮ್ಮಲ್ಲಿ ಎಷ್ಟು ಸಲ ಮೇಷ್ಟ್ರು ಬದಲಾದ್ರು, ಇಷ್ಟು ಸಾಕು. ಆಮೇಲೆ ಪಕ್ಕದ ಝೆರಾಕ್ಸ್ ಅಂಗಡಿ. ಅಲ್ಲಿ ಯಾವ ಸಬ್ಜೆಕ್ಟಿನ ನೋಟ್ಸ್ ಕಟ್ಟು ಕಟ್ಟು ಜೋಡಿಸಿಟ್ಟಿದಾರೆ ನೋಡಿ, ಆ ಸಬ್ಜೆಕ್ಟಿಗೆ ಒಳಗೆ ಪಾಠ ಸರಿಯಾಗಿ ನಡೀತಿಲ್ಲ ಅಂತ ಅರ್ಥ. ಅಂಗಡಿಯವರನ್ನ ಕೇಳಿದ್ರೆ ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಹೇಳ್ತಾರೆ.

ಪ್ಲೇಸ್‌ಮೆಂಟ್ ಬ್ಯಾನರ್ ನಂಬ್ಬೇಡಿ. ಒಬ್ಬನಿಗೇ ಮೂರು ಆಫರ್ ಬಂದ್ರೆ ಅದನ್ನ ಮೂರು ಅಂತ ಎಣಿಸೋರೂ ಇದಾರೆ, ಹೈಯೆಸ್ಟ್ ಪ್ಯಾಕೇಜ್ ಅನ್ನೋದು ಒಬ್ಬರಿಗೆ ಬಂದಿದ್ದು. ಕಾಲೇಜು ಕೇಂದ್ರ ಸರ್ಕಾರದ ಕಾಲೇಜ್ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ್ರೆ ಅಲ್ಲಿಗೆ ಕೊಟ್ಟ ಅಂಕಿಅಂಶನ ತನ್ನ ವೆಬ್‌ಸೈಟಲ್ಲಿ ಹಾಕ್ಬೇಕು, ಅದರಲ್ಲಿ ಎಷ್ಟು ಮಕ್ಕಳು ಪಾಸಾದ್ರು, ಎಷ್ಟು ಜನಕ್ಕೆ ಕೆಲಸ, ಮೀಡಿಯನ್ ಸಂಬಳ ಎಷ್ಟು ಅಂತ ಇರತ್ತೆ. ಅದನ್ನ ಡೌನ್‌ಲೋಡ್ ಮಾಡಿ ಬ್ಯಾನರ್ ಪಕ್ಕ ಇಟ್ಟು ನೋಡಿ, ನಗು ಬರತ್ತೆ. ಇನ್ನು ಗುಣಮಟ್ಟ ನೋಡಿ ಕೊಡೋ ಮಾನ್ಯತೇಲಿ ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಕೊಡೋದು, ಎನ್‌ಬಿಎ ಒಂದೊಂದು ಬ್ರ್ಯಾಂಚಿಗೆ ಕೊಡೋದು. ಮಗಳು ಸೇರೋ ಬ್ರ್ಯಾಂಚಿಗೆ ಎನ್‌ಬಿಎ ಇದೆಯಾ, ಅದರ ಅವಧಿ ಮುಗಿದಿದೆಯಾ, ಇಷ್ಟು ನೋಡಿದ್ರೆ ಸಾಕು.

ಅಟಾನಮಸ್ಸಾ ಮಾಮೂಲಿ ವಿಟಿಯು ಕಾಲೇಜಾ ಅಂತ ಕೇಳಿದೀರ. ಎರಡಕ್ಕೂ ಡಿಗ್ರಿ ಕೊಡೋದು ವಿಟಿಯುನೇ. ಅಟಾನಮಸ್‌ನಲ್ಲಿ ಪಾಠ ಮಾಡಿದವರೇ ಪೇಪರ್ ತೆಗೆಯೋದು, ಕ್ಲಾಸಿಗೆ ಸರಿಯಾಗಿ ಬಂದವರಿಗೆ ಅದು ಅನುಕೂಲ. ಮಾಮೂಲಿ ಕಾಲೇಜಿಗೆ ಪೇಪರ್ ವಿಟಿಯುದು, ಈಗಿನ ಸ್ಕೀಮಲ್ಲಿ ಇಂಟರ್ನಲ್ 50, ಎಕ್ಸ್‌ಟರ್ನಲ್ 50, ಪಾಸಾಗೋಕೆ ಒಟ್ಟು 40 ಬೇಕು, ಎರಡರಲ್ಲೂ ಬೇರೆ ಬೇರೆ ಮಿನಿಮಮ್ ಇದೆ. ಇಂಟರ್ನಲ್ ಬಗ್ಗೆ ಉಡಾಫೆ ಇರೋ ಮಕ್ಕಳೇ ಕೊನೇಲಿ ಸಿಕ್ಕಿಹಾಕ್ಕೊಳ್ಳೋದು. ಮಧ್ಯಮ ಮಾರ್ಕ್ಸಿನವಳಿಗೆ ನನ್ನ ಓಟು ಅಟಾನಮಸ್ಸಿಗೆ, ಆದ್ರೆ ಅದಕ್ಕೋಸ್ಕರ ಎರಡು ಗಂಟೆ ದೂರ ಹೋಗೋ ಹಾಗಿದ್ರೆ ಬೇಡ. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಬರೆದಿದ್ರೆ ರ‍್ಯಾಂಕ್ ನೋಡಿ, ಫೀಸ್ ಸಿಇಟಿಯ ಎರಡರಷ್ಟಕ್ಕಿಂತ ಜಾಸ್ತಿನೇ ಇರತ್ತೆ, ಆದ್ರೂ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಲಿಸಿದ್ರೆ ಅಲ್ಲಿ ರಸೀದಿ ಇದೆ.

ಕೊನೇದಾಗಿ ಕೆಇಎ ಕೌನ್ಸೆಲಿಂಗು, ಇಲ್ಲೇ ಜನ ಸೀಟ್ ಕಳ್ಕೊಳ್ಳೋದು. ಕೆಇಎ ಸೈಟಲ್ಲಿ ಹೋದ ವರ್ಷದ ಕಟ್ಆಫ್ ಕಾಲೇಜುವಾರು, ಕೆಟಗರಿವಾರು ಇದೆ, ಅದನ್ನ ಪ್ರಿಂಟ್ ತೆಗೆದು ನಿಮ್ಮ ರ‍್ಯಾಂಕಿಗಿಂತ ಇಪ್ಪತ್ತು ಸಾವಿರ ಮೇಲಿಂದ ಹಿಡಿದು ಕೆಳಗಿನ ತನಕ ಆಪ್ಷನ್ ಹಾಕಿ. ಆಪ್ಷನ್ ಎಷ್ಟು ಬೇಕಾದ್ರೂ ಹಾಕ್ಬೋದು, ನಿಜವಾಗಿ ಇಷ್ಟ ಇರೋದು ಮೇಲೆ ಇರ್ಲಿ, ಸಿಗತ್ತೆ ಅನ್ನೋದನ್ನ ಮೇಲೆ ಹಾಕಿದ್ರೆ ಅದೇ ಸಿಗತ್ತೆ. ಮಾಕ್ ಅಲಾಟ್‌ಮೆಂಟ್, ಅಂದ್ರೆ ಪ್ರಾಯೋಗಿಕ ಸೀಟು ಹಂಚಿಕೆ, ಬಂದಾಗ ಸುಮ್ನೆ ನೋಡಿ ಬಿಡ್ಬೇಡಿ, ಆಗ ಆರ್ಡರ್ ಬದಲಾಯಿಸೋಕೆ ಅವಕಾಶ ಇರತ್ತೆ. ನಿಜವಾದ ಸೀಟ್ ಬಂದ್ಮೇಲೆ ನಾಲ್ಕು ಚಾಯ್ಸ್. ಒಂದು ಅಂದ್ರೆ ಒಪ್ಪಿ ಸೇರೋದು, ಎರಡು ಅಂದ್ರೆ ಇದನ್ನ ಇಟ್ಕೊಂಡು ಮೇಲಿನದಕ್ಕೆ ಕಾಯೋದು, ಮೂರು ಅಂದ್ರೆ ಇದನ್ನ ಬಿಟ್ಟು ಮುಂದಿನ ರೌಂಡಿಗೆ ಹೋಗೋದು, ನಾಲ್ಕು ಅಂದ್ರೆ ಪೂರ್ತಿ ಆಚೆ. ಸೈಬರ್ ಸೆಂಟರ್ ಹುಡುಗ ನಿಮ್ಮ ಪರವಾಗಿ ಒತ್ತೋದಾದ್ರೆ ಸ್ಕ್ರೀನ್ ನೀವೇ ನೋಡ್ತಾ ನಿಂತ್ಕೊಳ್ಳಿ, ಎರಡರ ಬದಲು ಮೂರು ಒತ್ತಿ ಕೈಲಿದ್ದ ಸೀಟ್ ಹೋದವರನ್ನ ಪ್ರತಿ ವರ್ಷ ನೋಡ್ತೀನಿ. ನಿಮ್ಮ ಕೇಸಲ್ಲಿ ಮೊದಲ ರೌಂಡಲ್ಲಿ ಹತ್ತಿರದ ಯಾವುದಾದ್ರೂ ಎನ್‌ಬಿಎ ಇರೋ ಬ್ರ್ಯಾಂಚ್ ಬಂದ್ರೆ ಚಾಯ್ಸ್ ಎರಡು ಹಾಕಿ, ರೂರಲ್ ಕ್ಲೇಮ್ ಓಕೆ ಆಗಿದ್ರೆ ಮುಂದಿನ ರೌಂಡಲ್ಲಿ ಮೇಲಿಂದು ಸಿಗೋ ಚಾನ್ಸ್ ಚೆನ್ನಾಗಿದೆ.