ಧಾರಾವಾಹಿ ನೋಡಿ ಸರ್ಬಿಯನ್ ಕಲಿಯುವುದಾದರೆ

ಬೆಲ್‌ಗ್ರೇಡಿಗೆ ಕೆಲಸಕ್ಕೆ ಬಂದು ಇನ್ನೂ ತಿಂಗಳಾಗಿಲ್ಲ, ಇಲ್ಲಿನ ಧಾರಾವಾಹಿ ನೋಡಿ ಭಾಷೆ ಕಲಿಯಬಹುದೇ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು. ಆದರೆ ಆಫೀಸಿನವರೆಲ್ಲ ಹೊಗಳುವ ‘ಯೂಜ್ನಿ ವೇತರ್’ ಥರದ ಕ್ರೈಮ್ ಕಥೆಗಳನ್ನು ಸದ್ಯಕ್ಕೆ ಬಿಡಿ. ಅಲ್ಲಿ ಬೈಗುಳ ಜಾಸ್ತಿ, ಬೀದಿ ಮಾತು ಜಾಸ್ತಿ. ‘ಬ್ರಾತೆ’ (ಅಣ್ಣಾ, ತಮ್ಮಾ ಎಂಬಂಥ ಕರೆ) ಎಂಬುದನ್ನು ಹಿಂದುಮುಂದು ಮಾಡಿ ‘ತೆಬ್ರಾ’ ಎನ್ನುವ ರೂಢಿ ಬೇರೆ.

ಶುರುವಿಗೆ ‘ಬೊಲ್ಯಿ ಜಿವೊತ್’ (1987–91) ನೋಡಿ. ಸಿನಿಶಾ ಪಾವಿಚ್ ಬರೆದದ್ದು, ಬೆಲ್‌ಗ್ರೇಡಿನ ಪೊಪಾದಿಚ್ ಕುಟುಂಬದ ಕಥೆ. ಊಟದ ಮೇಜು, ಕಚೇರಿ, ಶಾಲೆ, ಸಂಬಳದ ಚಿಂತೆ, ಹೀಗೆ ನಿಮಗೆ ನಾಳೆಯೇ ಬೇಕಾಗುವ ಮಾತುಗಳೇ ತುಂಬಿವೆ. ಯಾರು ಯಾರಿಗೆ ‘ತಿ’ ಅನ್ನುತ್ತಾರೆ, ಯಾರಿಗೆ ‘ವಿ’ ಅನ್ನುತ್ತಾರೆ ಗಮನಿಸಿ. ನಮ್ಮ ನೀನು, ನೀವುಗಳ ಲೆಕ್ಕವೇ. ಸಂಬೋಧನೆ ಸೇರಿ ಏಳು ವಿಭಕ್ತಿಗಳಿವೆ, ಕರೆಯುವಾಗ ಯೊವಾನ್ ‘ಯೊವಾನೆ’ ಆಗುತ್ತಾನೆ. ಇದು ಗೊತ್ತಿಲ್ಲದಿದ್ದರೆ ಒಬ್ಬನೇ ಪಾತ್ರ ಇಬ್ಬರಂತೆ ಕೇಳಿಸುತ್ತಾನೆ. ಇದರಲ್ಲಿ ಕಿರಿಯ ಮಗನಾಗಿ ನಟಿಸಿದ ದ್ರಾಗನ್ ಬ್ಯೆಲೊಗರ್ಲಿಚ್ ಮುಂದೆ ‘ಸೆಂಕೆ ನಾದ್ ಬಾಲ್ಕನೊಮ್’ (2017) ಎಂಬ ಧಾರಾವಾಹಿ ಮಾಡಿದರು. ಅದು ಅದ್ಭುತ, ಆದರೆ ಭಾಷೆ ಸ್ವಲ್ಪ ಕೈಗೆ ಹತ್ತಿದ ಮೇಲೆ ನೋಡಿ.

ಇಲ್ಲಿನ ಧಾರಾವಾಹಿಗಳಿಗೆ ಸಾಮಾನ್ಯವಾಗಿ ಸಬ್‌ಟೈಟಲ್ ಇರುವುದಿಲ್ಲ. ಹಾಗಾಗಿ ಇಡೀ ಕಂತು ಒಂದೇ ಸಲಕ್ಕೆ ನೋಡಿದರೆ ಏನೂ ಉಳಿಯದು. ಹತ್ತು ನಿಮಿಷದ ತುಣುಕು ಸಾಕು: ಒಮ್ಮೆ ಸುಮ್ಮನೆ ನೋಡಿ, ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ಕ್ರಿಯಾಪದಗಳನ್ನಷ್ಟೇ ಬರೆದುಕೊಳ್ಳಿ, ಮೂರನೆಯ ಸಲ ನಟರ ಜೊತೆಗೆ ಜೋರಾಗಿ ಹೇಳಿ.

ಓದುವ ಅಭ್ಯಾಸಕ್ಕೆ ಸರ್ಕಾರಿ ವಾಹಿನಿ ಆರ್‌ಟಿಎಸ್‌ನಲ್ಲಿ ವಿದೇಶಿ ಸಿನಿಮಾ ಹಾಕಿಕೊಳ್ಳಿ. ಮಕ್ಕಳ ಕಾರ್ಟೂನ್ ಬಿಟ್ಟರೆ ಇಲ್ಲಿ ಡಬ್ಬಿಂಗ್ ಕಡಿಮೆ, ಕೆಳಗೆ ಸಿರಿಲಿಕ್ ಲಿಪಿಯಲ್ಲಿ ಸರ್ಬಿಯನ್ ಸಾಲುಗಳು ಬರುತ್ತವೆ. ಮೂವತ್ತೇ ಅಕ್ಷರ, ಒಂದಕ್ಕೆ ಒಂದೇ ಉಚ್ಚಾರ. ಕನ್ನಡ ಓದುವವರಿಗೆ ಕಷ್ಟವಿಲ್ಲ. ಎಡವುವುದು ಇಂಗ್ಲಿಷಿನಂತೆ ಕಾಣುವ ಅಕ್ಷರಗಳಲ್ಲಿ: ಬಿ ಥರದ್ದು ‘ವ’, ಎಚ್ ಥರದ್ದು ‘ನ’, ಪಿ ಥರದ್ದು ‘ರ’, ಸಿ ಥರದ್ದು ‘ಸ’. ಆರ್‌ಟಿಎಸ್ ಶುಲ್ಕ ಕರೆಂಟ್ ಬಿಲ್ಲಿನಲ್ಲೇ ಸೇರಿ ಬರುತ್ತದೆ, ಬಿಲ್ಲು ನೋಡಿ ಗಾಬರಿಯಾಗಬೇಡಿ.

‘ಜೋನಾ ಜಾಂಫಿರೋವಾ’ (2002) ಸಿನಿಮಾವನ್ನು ಮನಸಾರೆ ನೋಡಿ ಸಂತೋಷಪಡಿ, ಆದರೆ ಅನುಕರಿಸಬೇಡಿ. ಅದರಲ್ಲಿ ಕೇಳುವ ದಕ್ಷಿಣ ಸರ್ಬಿಯಾದ ಆಡುನುಡಿಯಲ್ಲಿ ವಿಭಕ್ತಿಗಳು ಬಹಳಷ್ಟು ಉದುರಿಹೋಗಿವೆ. ಅದನ್ನೇ ರೂಢಿ ಮಾಡಿಕೊಂಡರೆ ಭಾಷಾ ಪರೀಕ್ಷೆಯಲ್ಲಿ ತಪ್ಪೆಂದು ಹಾಕುತ್ತಾರೆ.

ಹಳೆಯ ಚಿತ್ರಗಳಿಗೆ ಉಜುನ್ ಮಿರ್ಕೊವಾ ಬೀದಿಯ ಕಿನೊತೇಕಾಕ್ಕೆ (ಚಲನಚಿತ್ರ ಸಂಗ್ರಹಾಲಯ) ಹೋಗಿ. ಸ್ಲೊಬೊದಾನ್ ಶಿಯಾನರ ‘ಕೊ ತೊ ತಾಮೊ ಪೇವಾ’ (1980) ಹಾಕಿದಾಗ ತಪ್ಪಿಸಿಕೊಳ್ಳಬೇಡಿ, ಅದರ ಸಂಭಾಷಣೆ ಇಲ್ಲಿಯ ಜನರ ಬಾಯಲ್ಲೇ ಇದೆ. ಹೋಗುವ ಮುನ್ನ ಒಂದು ತಿಳಿದಿರಲಿ: ಅದರಲ್ಲಿನ ಬಸ್ಸು ಬೆಲ್‌ಗ್ರೇಡಿಗೆ ಹೊರಡುವುದು 1941ರ ಏಪ್ರಿಲ್ 5ರಂದು; ಜರ್ಮನ್ ವಿಮಾನಗಳು ಈ ಊರಿನ ಮೇಲೆ ಬಾಂಬ್ ಹಾಕಿದ್ದು ಏಪ್ರಿಲ್ 6ರಂದು. ಸಾಧ್ಯವಾದರೆ ಮೊದಲು ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿಯನ್ನು ಮನೆಯಲ್ಲಿ ನೋಡಿಕೊಂಡು ಹೋಗಿ.